ಹುಣಸಿಗಡ್ಡಿಯಿಂದ ಕಾಣೆಯಾದ ದೋಣಿ

ಆಫ್ರೀನ ಹುನಗುಂದದ ಪಶು ದವಾಖಾನೆಯ ಕೆಲಸ ಮುಗಿಸಿ ಇಳಕಲ್ಲಿನ ಮನೆಗೆ ಬಂದಾಗ ಕೆಳಗಿನ ಮಗ್ಗದ ಸದ್ದು ನಿಂತಿತ್ತು. ಸಿದ್ದಲಿಂಗವ್ವನ ಮಗ್ಗ ಸಂಜೆ ಏಳರ ಮುಂಚೆ ನಿಲ್ಲುವುದಿಲ್ಲ. ನಿಂತಿತೆಂದರೆ ಲಾಳಿಯಲ್ಲಿ ನೂಲು ತೀರಿರಬೇಕು, ಇಲ್ಲವೆ ಯಾರೋ ಕಷ್ಟ ಹೊತ್ತುಕೊಂಡು ಬಂದಿರಬೇಕು. ಹೊಸ್ತಿಲ ಬಳಿ ಹೆಂಗಸೊಬ್ಬಳ ಚಪ್ಪಲಿಗಳಿದ್ದವು.

ಆಫ್ರೀನ ಮೂರು ವರ್ಷದಿಂದ ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಮನೆಯೊಡತಿ ಸಿದ್ದಲಿಂಗವ್ವನಿಗೆ ಅರವತ್ತಮೂರು. ಐವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದ ಹೆಂಗಸು. ಹಿಂದೊಮ್ಮೆ ಓಣಿಯಲ್ಲಿ ರೇಷ್ಮೆ ಲಡಿಗಳು ಮಾಯವಾಗುತ್ತಿದ್ದಾಗ ಕಸದಲ್ಲಿ ಸಿಕ್ಕ ಗೇಣುದ್ದದ ನೂಲಿನಿಂದ ಕಳ್ಳನನ್ನು ಹಿಡಿದುಕೊಟ್ಟಿದ್ದಳು. ಮಹಾಕೂಟದ ಹೊಂಡದಲ್ಲಿ ಯಾತ್ರಿಕರೊಬ್ಬರ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಕಳೆದಾಗ, ಅದು ನೀರಿನಲ್ಲಿಲ್ಲ, ರೊಟ್ಟಿಯ ಗಂಟಿನಲ್ಲಿದೆ ಎಂದು ಕೂತಲ್ಲೇ ಹೇಳಿದ್ದಳು. ಆಮೇಲೆ ಊರಿನವರು ಪೊಲೀಸರಿಗೆ ಹೇಳಲಾರದ ಸಂಗತಿಗಳನ್ನು ಆಕೆಗೆ ಹೇಳತೊಡಗಿದರು. ಅಂಥ ಪ್ರತಿಯೊಂದು ಪ್ರಕರಣದಲ್ಲೂ ಕಾರು ಓಡಿಸುವುದು, ಬರೆದುಕೊಳ್ಳುವುದು, ಆಕೆ ಗುಳಿಗೆ ತಗೊಂಡಳೋ ಇಲ್ಲವೋ ನೋಡುವುದು, ಇವೆಲ್ಲ ಆಫ್ರೀನಳ ಪಾಲಿಗೆ ಬಂದಿದ್ದವು. ಅದರಲ್ಲಿ ಆಕೆಗೆ ಬೇಸರವೇನೂ ಇರಲಿಲ್ಲ.

"ಬಾ ಡಾಕ್ಟರವ್ವಾ, ಕೂಡು," ಎಂದಳು ಸಿದ್ದಲಿಂಗವ್ವ. "ಇಕಿ ನಿಖತ. ಹೈಸ್ಕೂಲಿನಾಗ ವಿಜ್ಞಾನ ಹೇಳ್ತಾಳ. ಇಕಿ ಗಂಡ ಮತೀನ ಕಲ್ಲು ಪಾಲಿಶ್ ಮಾಡೋ ಶೆಡ್ಡಿನಾಗ ಅದಾನ. ನಿಖತ, ಮೊದಲಿಂದ ಹೇಳವಾ. ಆತುರ ಬ್ಯಾಡ."

ನಿಖತಳಿಗೆ ನಲವತ್ತರ ಹತ್ತಿರ. ಹೆಗಲ ಮೇಲೆ ಇಳಕಲ್ ದುಪಟ್ಟಾ, ಕೆಂಪು ರೇಷ್ಮೆಯ ಸೆರಗಿನದು. ಅದರ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಮಾತು ಶುರುಮಾಡಿದಳು.

"ನಾಗಲಿಂಗ ಅಂತ ಒಬ್ಬ ಮೀನುಗಾರ ಅದಾನ್ರಿ ಅವ್ವಾರ. ಮಾಡದ ತಪ್ಪಿಗೆ ಅವನ ಹರಗೋಲು ಕಸಗೊಂಡಾರ. ಶನಿವಾರ ಸಂಘದ ಸಭಾ ಅದ. ಅವತ್ತು ಅವನ ಲೈಸೆನ್ಸೂ ಹೋಗ್ತದ. ಅಂವ ಮಾಡಿಲ್ಲಂತ ನನಗ ಗೊತ್ತು. ನೀವು ಅದನ್ನ ತೋರಿಸಿಕೊಡ್ರಿ."

"ಗೊತ್ತು ಅಂದ್ರ ಹೆಂಗ ಗೊತ್ತು?"

"ಗಡ್ಡಿಯಿಂದ ನಮ್ಮನ್ನ ಕರಕೊಂಡು ಬಂದವ, ತನಗಂತ ಇಟಗೊಂಡ ನೀರು ಮೊದಲ ನಮಗ ಕೊಟ್ಟ್ರಿ. ಅಂಥಾವ ದೋಣಿ ಬಿಚ್ಚಿ ಬಿಡ್ತಾನೇನು?"

ನಡೆದದ್ದು ಹೀಗಿತ್ತು. ಮದುವೆಯಾಗಿ ಹದಿನಾಲ್ಕು ವರ್ಷವಾದ ಆ ಜೋಡಿಗೆ ಒಂದೇ ಹುಚ್ಚು, ದೋಣಿ. ಮತೀನ ಎಲ್ಲೋ ಬಿಸಾಕಿದ್ದ ಹಳೆಯ ಫೈಬರ್ ದೋಣಿಯೊಂದನ್ನು ತಂದು, ತೂತುಗಳನ್ನು ತಾನೇ ಮುಚ್ಚಿ, ಸಣ್ಣದೊಂದು ಎಂಜಿನ್ ಕೂರಿಸಿದ್ದ. ಅದನ್ನು ಬಾಗಲಕೋಟೆಯ ಆಚೆ, ತುಳಸಿಗೇರಿ ದಾರಿಯಿಂದ ಬಲಕ್ಕೆ ಹೊರಳಿದರೆ ಸಿಗುವ ಹಿನ್ನೀರಿನ ದಂಡೆಯಲ್ಲಿ ಇಟ್ಟಿದ್ದರು. ರವಿವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಹೊರಟೇಬಿಡುವರು. ಬೇಸಿಗೆಯಲ್ಲಿ ನೀರು ಇಳಿದಂತೆ ಒಂದೊಂದೇ ನಡುಗಡ್ಡೆ ತಲೆ ಎತ್ತುತ್ತದೆ. ಕಳೆದ ರವಿವಾರ ಅವರು ಹುಣಸಿಗಡ್ಡಿಗೆ ಹೋಗಿದ್ದರು. ಒಣಗಿ ನಿಂತ ಹುಣಸೆಮರವೊಂದು ಅದರ ಗುರುತು.

ಒಂಬತ್ತೂವರೆಗೆ ಅಲ್ಲಿ ಮುಟ್ಟಿದ್ದರು. ದೋಣಿಯನ್ನು ಹುಣಸೆಯ ಬೇರಿಗೆ ಕಟ್ಟಿದವನು ಮತೀನ. ಇಳಿಯುತ್ತಲೇ ಹಕ್ಕಿಗಳ ಹಿಂಡು ಎದ್ದು ತಲೆಯ ಮೇಲೆ ಕಿರುಚಾಡಿತ್ತು. ಕರಿಯ ಟೋಪಿ ಇಟ್ಟಂತಿರುವ ತಲೆ, ಹಳದಿ ಕೊಕ್ಕು, ರೀವ ಹಕ್ಕಿಗಳು. ಮರಳಿನ ಮೇಲೇ ತತ್ತಿ ಇಟ್ಟಿದ್ದವು. ಅವಕ್ಕೆ ತೊಂದರೆಯಾಗಬಾರದೆಂದು ಇಬ್ಬರೂ ದೂರ ಸುತ್ತು ಹಾಕಿ ಗಡ್ಡೆಯ ಒಳಗೆ ನಡೆದರು. ಮುಳುಗಿದ ಮನೆಯೊಂದರ ಗೋಡೆ ಮೊಣಕಾಲುದ್ದ ಉಳಿದಿತ್ತು. ಅದರ ಪಕ್ಕ ಕಲ್ಲಿನ ಒರಳು, ಅದರೊಳಗೆ ನೀರು, ನೀರಿನಲ್ಲಿ ಬೆರಳುದ್ದದ ಮೀನು. ಮತೀನ ಅಂಗಾತ ಬಿದ್ದಿದ್ದ ಒಂದು ಕಲ್ಲನ್ನು ಅಂಗೈಯಿಂದ ಸವರಿ, "ಇದು ನಮ್ಮ ಕಡೇದು ಅಲ್ಲ, ಬಾದಾಮಿ ಕಡೆ ಕೆಂಪುಗಲ್ಲು," ಎಂದು ಹೇಳಿದ್ದ. ನಿಖತ ಶಂಖದ ಹುಳುಗಳ ಚಿಪ್ಪು ಆರಿಸಿ ಶಾಲೆಯ ಮಕ್ಕಳಿಗೆಂದು ಕಟ್ಟಿಕೊಂಡಿದ್ದಳು.

ಹನ್ನೊಂದಕ್ಕೆ ಮತೀನ ದಿಬ್ಬದ ಮೇಲೆ ಕೂತ. ನಿಖತ ದೋಣಿಗೆ ಹೋಗಿ ಬುತ್ತಿ, ನೀರು ತಂದಳು. ಉಂಡು ಎದ್ದು ಹನ್ನೆರಡರ ಸುಮಾರಿಗೆ ದಂಡೆಗೆ ಬಂದರೆ ದೋಣಿ ಇರಲಿಲ್ಲ. ಈಜೋಣವೆಂದರೆ ಆ ನೀರಿನಲ್ಲಿ ಮೊಸಳೆಗಳಿವೆ. ಮೊಬೈಲು ಎರಡೂ ದೋಣಿಯಲ್ಲೇ ಉಳಿದಿದ್ದವು. ಸಂಜೆ ಆರಕ್ಕೆ ಬಲೆ ಹಾಕಲು ಬಂದ ನಾಗಲಿಂಗ ಕಂಡು, ದಂಡೆಗೆ ಮುಟ್ಟಿಸಿದ. ಮರುದಿನ ಬೆಳಿಗ್ಗೆ ಮೂರು ಕಿಲೋಮೀಟರು ಆಚೆ ಜೇಕು ಹುಲ್ಲಿನ ಪೊದೆಯಲ್ಲಿ ಸಿಕ್ಕಿಕೊಂಡಿದ್ದ ದೋಣಿಯನ್ನು ಹುಡುಕಿ ತಂದವನೂ ಅವನೇ.

"ಅದೇ ಅವನಿಗೆ ಮುಳುವಾತ್ರಿ," ಎಂದಳು ನಿಖತ. "ತಿಂಗಳ ಹಿಂದ ನಮ್ಮ ಎಂಜಿನ್ನಿಗೆ ಅವನ ಬಲಿ ಸಿಕ್ಕು ಹರದಿತ್ತು. ಇವ್ರಿಗೂ ಅವಗೂ ಮಾತಿಗೆ ಮಾತು ಬೆಳೆದಿತ್ತು. ನನ್ನ ಮೈದುನ ತೌಸಿಫ ಹೋಗಿ ಸಂಘದಾಗ ದೂರು ಬರಕೊಟ್ಟ. ಬಿಚ್ಚಿದವಗ ಎಲ್ಲಿ ಅದ ಅಂತ ಗೊತ್ತಿರ್ತದ, ಅದಕ್ಕ ಅಷ್ಟು ಲಗೂ ಸಿಕ್ತು ಅಂದ. ಸಂಘದ ಅಧ್ಯಕ್ಷರು ಶಿವಪ್ರಕಾಶ ಅದಕ್ಕ ಹೂಂ ಅಂದ್ರು."

"ನಿನ್ನ ಗಂಡ ಏನಂತಾನ?"

"ಏನೂ ಅನ್ನಂಗಿಲ್ರಿ." ಆಕೆ ದುಪಟ್ಟಾದ ತುದಿಯನ್ನು ಮತ್ತೆ ಬೆರಳಿಗೆ ಸುತ್ತಿದಳು. "ಶುಕ್ರವಾರ ಬಾಗಲಕೋಟಿಗೆ ಎಕ್ಸರೇಕ್ಕ ಹೋಗೋದದ. ಭಾಳ ದಿನದಿಂದ ಕೆಮ್ಮು. ಅಲ್ಲೀತನ ಅವರ ಮನಸ್ಸು ಕೆಡಬಾರದು. ಗಾಳಿಗೇನಾರ ಗಂಟು ಬಿಚ್ಚಿತ್ತೇನೋ, ಹಂಗೂ ಇರಬಹುದಲ್ರಿ?"

"ಇರಬಹುದು. ನೀ ಬುತ್ತಿ ತರಾಕ ಹೋದಾಗ ದೋಣಿ ಇತ್ತು?"

"ಇತ್ತು."

"ಹಕ್ಕಿ ಮತ್ತ ಎದ್ದಿದ್ವೇನು?"

"ಎದ್ದಿದ್ವು. ತಲಿಗೆ ಕುಕ್ಕಾಕ ಬಂದ್ವು. ಆಮ್ಯಾಲ ನಾಗಲಿಂಗ ಬರೂತನ ಸುಮ್ಮನಿದ್ವು."

ಸಿದ್ದಲಿಂಗವ್ವ ತಲೆಯಾಡಿಸಿ, ಆಕೆಯ ದುಪಟ್ಟಾದ ಸೆರಗನ್ನು ಕೈಗೆ ತೆಗೆದುಕೊಂಡಳು. "ಇಲ್ಲೊಂದು ಎಳಿ ಕಿತ್ತದ ನೋಡು. ಬಿಟ್ಟುಹೋಗು, ಕೂಡಿಸಿ ಕೊಡ್ತೇನಿ. ನಾಳೆ ಮಧ್ಯಾಹ್ನ ಎರಡಕ್ಕ ಸಂಘದ ಶೆಡ್ಡಿಗೆ ನಿನ್ನ ಗಂಡನ್ನೂ ಮೈದುನನ್ನೂ ಕರಕೊಂಡು ಬಾ."

*

ಮರುದಿನ ಬೆಳಿಗ್ಗೆ ಇಬ್ಬರೂ ಆಫ್ರೀನಳ ಕಾರಿನಲ್ಲಿ ಹೊರಟರು. ಅಮೀನಗಡದಲ್ಲಿ ಸಿದ್ದಲಿಂಗವ್ವ ಕಾರು ನಿಲ್ಲಿಸಿ ಕರದಂಟು ಕೊಂಡಳು. "ದೋಣ್ಯಾಗ ಕೂತ್ರ ನನಗ ಹೊಟ್ಟಿ ತೊಳಸ್ತದ. ಬಾಯಾಗ ಏನಾರ ಇರಬೇಕು," ಎಂದಳು.

ಹಿನ್ನೀರಿನ ದಂಡೆಯಲ್ಲಿ ತಗಡಿನ ಶೆಡ್ಡು, ಅದರ ಮುಂದೆ ಮತೀನನ ದೋಣಿ, ಆಚೆ ಬೋರಲಾಗಿ ಬಿದ್ದ ನಾಗಲಿಂಗನ ಹರಗೋಲು. ಎಳೆದು ತಂದವರು ಕಲ್ಲಿನ ಮೇಲೆಯೇ ಎಳೆದಿದ್ದರೆಂದು ಕಾಣುತ್ತದೆ, ಫೈಬರು ಒಂದು ಕಡೆ ಸೀಳಿತ್ತು. ನಾಗಲಿಂಗ ಅದರ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಮೂವತ್ತೈದರ ಗಂಡಸು, ಮಾತು ಕಡಿಮೆ.

"ದೋಣಿ ಅಷ್ಟು ಲಗೂ ಹೆಂಗ ಸಿಕ್ತೋ ತಮ್ಮಾ?" ಎಂದು ಸಿದ್ದಲಿಂಗವ್ವ ಕೇಳಿದಳು.

"ಈ ದಿನದಾಗ ಮಧ್ಯಾಹ್ನದ ಗಾಳಿ ಪಡುವಲಿಂದ ಬೀಸ್ತದ್ರಿ ಯವ್ವಾ. ಬಿದ್ದ ಚಪ್ಪಲಿ ಸೈತ ಆ ಜೇಕಿಗೇ ಹೋಗಿ ಹತ್ತತಾವು. ಯಾರನ್ನ ಕೇಳಿದ್ರೂ ಹೇಳ್ತಾರ. ನನ್ನನ್ನ ಯಾರೂ ಕೇಳಲಿಲ್ಲ."

ಶಿವಪ್ರಕಾಶ ದೊಡ್ಡ ದನಿಯ ಗಟ್ಟಿಮುಟ್ಟು ಆಳು. ಹೊರಗಿನವರ ಎಂಜಿನ್ ದೋಣಿಗಳು ಹಿನ್ನೀರಿಗೆ ಇಳಿಯುವುದೇ ತನಗೆ ಸೇರದು ಎಂಬುದನ್ನು ಅವನು ಮುಚ್ಚಿಡಲಿಲ್ಲ. ರವಿವಾರ ಬೆಳಿಗ್ಗೆ ತಾನೂ ದೋಣಿ ತಗೊಂಡು ನೀರಿನ ಮೇಲಿದ್ದೆ, ಆದರೆ ಹುಣಸಿಗಡ್ಡಿಯ ಕಡೆ ಹೋಗಲಿಲ್ಲ ಎಂದ. ಆಫ್ರೀನ ಆ ಮಾತನ್ನು ಬರೆದುಕೊಂಡು ಅದರ ಕೆಳಗೆ ಗೆರೆ ಎಳೆದಳು.

"ದೋಣ್ಯಾಗ ಏನೇನಿದ್ವು?" ಎಂದಳು ಸಿದ್ದಲಿಂಗವ್ವ.

"ಲೈಫ್ ಜಾಕೀಟು, ಡೀಸೆಲ್ ಡಬ್ಬಿ," ಎಂದ ಶಿವಪ್ರಕಾಶ. " ಸೀಟಿನ ಕೆಳಗ ಎರಡು ಮೊಬೈಲು. ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಾಗ ಹಾಕಿ ಗಂಟು ಹೊಡೆದಿದ್ರು."

"ನೀರಿನ ಬಾಟ್ಲಿ, ಛತ್ರಿ, ಜಮಖಾನ?"

"ಅವು ಅವರ ಕಡೇನೇ ಇದ್ವಂತ."

ಸಿದ್ದಲಿಂಗವ್ವ ದೋಣಿಯ ಮೂತಿಗೆ ಕಟ್ಟಿದ್ದ ನೀಲಿ ನೈಲಾನ್ ಹಗ್ಗವನ್ನು ಮಡಿಲಲ್ಲಿ ಹಾಕಿಕೊಂಡು ಕೂತು, ಮೊಳ ಮೊಳವಾಗಿ ಬೆರಳಲ್ಲಿ ಹಾಯಿಸಿದಳು. ತುದಿ ಸರಿಯಾಗಿಯೇ ಇತ್ತು, ಕೊಯ್ದ ಗುರುತಿರಲಿಲ್ಲ. ತುದಿಯಿಂದ ಒಂದು ಮೊಳ ಈಚೆ ಹಗ್ಗ ಡೊಂಕಾಗಿತ್ತು, ಗಂಟು ಬಿಗಿದಿದ್ದ ಜಾಗ. ಅಲ್ಲಿ ಹುರಿಯ ನಡುವೆ ಕೂದಲಿನಷ್ಟು ಸಣ್ಣ ಕೆಂಪು ನೂಲು. ಸಿದ್ದಲಿಂಗವ್ವ ಅದನ್ನು ಆಫ್ರೀನಳಿಗೂ ತೋರಿಸಿದಳು.

ಆಮೇಲೆ ಶಿವಪ್ರಕಾಶನ ದೋಣಿಯಲ್ಲಿ ಗಡ್ಡೆಗೆ ಹೋದರು. ದಂಡೆ ಇನ್ನೂ ಐವತ್ತು ಮಾರು ದೂರವಿರುವಾಗಲೇ ರೀವ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಅವುಗಳ ಕಿರುಚಾಟದಲ್ಲಿ ಪಕ್ಕದವರ ಮಾತು ಕೇಳಿಸುವಂತಿರಲಿಲ್ಲ. ಇಳಿದು ದೂರ ಹೋದ ಮೇಲೆ ಅವು ತಣ್ಣಗಾದವು. ಸಿದ್ದಲಿಂಗವ್ವ ಆಫ್ರೀನಳನ್ನು ಹುಣಸೆಮರದ ಬುಡಕ್ಕೆ ವಾಪಸು ಕಳಿಸಿ, ತಾನು ಮೊಣಕಾಲು ಒತ್ತಿಕೊಳ್ಳುತ್ತ ದಿಬ್ಬ ಹತ್ತಿದಳು. ಆಫ್ರೀನ ಮರದ ಹತ್ತಿರ ಬರುತ್ತಲೇ ಹಕ್ಕಿಗಳು ಮತ್ತೆ ಎದ್ದು ಅವಳ ತಲೆಗೇ ಎರಗಿದವು. ಅವಳು ಬಗ್ಗಿ ಬೂಟಿನ ದಾರ ಕಟ್ಟಿಕೊಂಡು, ದುಪಟ್ಟಾ ತಲೆಗೆ ಸುತ್ತಿ ಓಡಿ ಬಂದಳು.

"ಎಡಗಾಲಿನ ಬೂಟು," ಎಂದಳು ಸಿದ್ದಲಿಂಗವ್ವ.

"ಏನ್ರಿ ಅವ್ವಾರ?"

"ನೀ ದಾರ ಕಟ್ಟಿದ್ದು. ನನ್ನ ಕಣ್ಣಿಗೆ ಮೋತಿಬಿಂದು ಅದ, ಪರಿ ಬಂದದ. ಆದ್ರೂ ಕಾಣ್ತು." ಒಂದು ತುಂಡು ಕರದಂಟು ಬಾಯಿಗೆ ಹಾಕಿಕೊಂಡು, ಸೋಲಾಪುರ ಚಾದರದಂತೆ ಹರಡಿದ್ದ ನೀರನ್ನು ಬಹಳ ಹೊತ್ತು ನೋಡುತ್ತ ಕೂತಳು. ಅವಳ ಮುಖದಲ್ಲಿ ಸಂತೋಷ ಇರಲಿಲ್ಲ.

*

ಎರಡು ಗಂಟೆಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಶಿವಪ್ರಕಾಶ ಕುರ್ಚಿಯಲ್ಲಿ, ನಾಗಲಿಂಗ ಬಾಗಿಲ ಬಳಿ ನೆಲದ ಮೇಲೆ. ತೌಸಿಫ ಅಣ್ಣನ ಹಿಂದೆ ಕೈಕಟ್ಟಿ ನಿಂತಿದ್ದ. ಮತೀನ ಉದ್ದನೆಯ ಮನುಷ್ಯ, ಉಗುರಿನ ಸಂದಿಯಲ್ಲೆಲ್ಲ ಕಲ್ಲಿನ ಬೂದು ಬಣ್ಣ. ಪ್ರತಿ ಎರಡು ನಿಮಿಷಕ್ಕೊಮ್ಮೆ ಮುಖ ತಿರುಗಿಸಿ ಕೆಮ್ಮುತ್ತಿದ್ದ. ಅವನು ಕೆಮ್ಮಿದಾಗಲೆಲ್ಲ ನಿಖತಳ ಕೈ ಅವನ ಬೆನ್ನಿನ ಕಡೆ ಹೋಗಿ ಅರ್ಧಕ್ಕೆ ನಿಲ್ಲುವುದನ್ನು ಆಫ್ರೀನ ನೋಡಿದಳು.

"ಮತೀನ, ನಿನಗ ಎರಡು ಪ್ರಶ್ನೆ," ಎಂದಳು ಸಿದ್ದಲಿಂಗವ್ವ. "ದೋಣಿಗೆ ಎಂಥಾ ಗಂಟು ಹಾಕಿದ್ದಿ?"

"ಕ್ರೇನಿನ್ಯಾಗ ಕಲ್ಲು ಎತ್ತೂವಾಗ ಹಾಕ್ತೇವಲ್ರಿ, ಅದು. ಎಳೆದಷ್ಟೂ ಬಿಗೀತದ."

"ಗಾಳಿಗೆ ಬಿಚ್ಚೂದಿಲ್ಲ?"

"ಇಲ್ರಿ."

"ನೀವು ಇಳಿದ ಮ್ಯಾಲ ಹಕ್ಕಿ ಎಷ್ಟು ಸಲ ಎದ್ವು?"

"ಇಳಿದಾಗ ಒಮ್ಮಿ, ಇಕಿ ಬುತ್ತಿ ತರಾಕ..." ಅವನು ಥಟ್ಟನೆ ನಿಲ್ಲಿಸಿದ. "ನನಗ ನೆನಪಿಲ್ರಿ."

ಸಿದ್ದಲಿಂಗವ್ವ ಸೆರಗು ಸರಿಮಾಡಿಕೊಂಡು ಶಿವಪ್ರಕಾಶನ ಕಡೆ ತಿರುಗಿದಳು.

"ನೋಡ್ರಿ, ಮೊದಲನೇದು. ಹಗ್ಗ ಹರಿದಿಲ್ಲ, ಕೊಯ್ದಿಲ್ಲ. ಆ ಗಂಟು ತಾನಾಗಿ ಬಿಚ್ಚೂದೂ ಇಲ್ಲ. ಅಂದ್ರ ಮನುಷ್ಯಾರ ಕೈ ಬಿಚ್ಚೇದ. ಎರಡನೇದು, ಆ ಹಕ್ಕಿ. ಅವು ತತ್ತಿ ಮ್ಯಾಲ ಕೂತಾವು. ನೀರ ಮ್ಯಾಲಿಂದ ಬಂದ್ರೂ ಅಷ್ಟೇ, ದಂಡಿ ಮ್ಯಾಲಿಂದ ಬಂದ್ರೂ ಅಷ್ಟೇ, ಎದ್ದು ಗದ್ದಲ ಮಾಡ್ತಾವು. ಇವತ್ತ ಮುಂಜಾನಿ ನಮಗ ಮಾಡಿದ್ವು. ನೀವೂ ಜೋಡಿ ಇದ್ರಿ. ರವಿವಾರ ಅವು ಈ ಇಬ್ಬರು ಇಳಿದಾಗ ಎದ್ವು, ನಿಖತ ಬುತ್ತಿ ತರಾಕ ಹೋದಾಗ ಎದ್ವು. ಆಮ್ಯಾಲ ಸಂಜಿತನ ಇಲ್ಲ. ಅಂದಮ್ಯಾಲ ದೋಣಿ ಹೋಗೂಮುಂದ ಆ ದಂಡಿಗೆ ನಾಗಲಿಂಗ ಬಂದಿಲ್ಲ. ನೀವೂ ಬಂದಿಲ್ಲ ಶಿವಪ್ರಕಾಶ, ನಮ್ಮ ಡಾಕ್ಟರವ್ವ ನಿಮ್ಮ ಮಾತಿನ ಕೆಳಗ ಗೆರಿ ಎಳದಿದ್ರೂ ಸೈತ."

ಆಫ್ರೀನ ಪುಸ್ತಕ ಮುಚ್ಚಿದಳು.

"ಹಂಗಾದ್ರ ಯಾರ್ರಿ? ಜಿನ್ನೇನು?" ಎಂದ ತೌಸಿಫ.

"ಗಡ್ಡಿ ಮ್ಯಾಲ ಇದ್ದವರು ಇಬ್ಬರ, ಅಪ್ಪಾ."

ಮತೀನ ಮೇಲೆದ್ದ. "ನಾನ ಬಿಚ್ಚೇನ್ರಿ," ಎಂದ. "ತಮಾಷಿಗೆ. ನಾಗಲಿಂಗಂದು ಏನೂ ತಪ್ಪಿಲ್ಲ. ಅವನ ಹರಗೋಲು ಬಿಟ್ಟುಬಿಡ್ರಿ."

"ಕೂಡು," ಎಂದಳು ಸಿದ್ದಲಿಂಗವ್ವ ಮೆಲ್ಲಗೆ. "ಸುಳ್ಳು ಹೇಳಾಕ ನಿನಗ ಬರಂಗಿಲ್ಲ. ನಿನ್ನ ಅಂಗೈ ಬಂಡೆಗಲ್ಲು ಆಗೇದ. ಆ ಗಂಟು ಬಿಚ್ಚಾಕ ನಿನಗ ಬಟ್ಟಿ ಬೇಕಾಗಿದ್ದಿಲ್ಲ. ಬಿಚ್ಚಿದವರದು ಮೆತ್ತನ ಕೈ. ಹಗ್ಗ ಚುಚ್ಚತದಂತ ದುಪಟ್ಟಾದ ಸೆರಗು ಕೈಗೆ ಸುತ್ತಿಕೊಂಡು ಎಳದಾರ. ಗಂಟಿನ ಜಾಗದಾಗ ಅದರ ಎಳಿ ಸಿಕ್ಕದ." ಚೀಲದಿಂದ ನಿಖತಳ ದುಪಟ್ಟಾ ತೆಗೆದು ಮೊಣಕಾಲ ಮೇಲೆ ಹರವಿದಳು. "ಸೆರಗಿನ ರೇಷ್ಮಿ ಯಾವುದು, ಒಡಲಿನ ಹತ್ತಿ ಯಾವುದು ಅಂತ ನನಗ ಕಣ್ಣು ಕಟ್ಟಿದ್ರೂ ಗೊತ್ತಾಗ್ತದ. ಇಲ್ಲಿ ಕಿತ್ತ ಎಳೀನೇ ಅಲ್ಲಿ ಅದ.

"ಇನ್ನೂ ಒಂದು ಅದ. ದ್ವೇಷಕ್ಕ ದೋಣಿ ಬಿಚ್ಚಿದವ ನೀರು, ಛತ್ರಿ, ಜಮಖಾನ, ಬುತ್ತಿ ಎಲ್ಲಾ ಇಳಿಸಿ ಆಮ್ಯಾಲ ಬಿಚ್ಚತಾನೇನು? ಅರ್ಧ ತಾಸು ಕೂತು ಉಣ್ಣಾಕ ಇಷ್ಟೆಲ್ಲಾ ಯಾಕ? ಬೇಕಾದದ್ದೆಲ್ಲಾ ದಂಡಿ ಮ್ಯಾಲ, ಮೊಬೈಲು ಮಾತ್ರ ದೋಣ್ಯಾಗ, ಅದೂ ತೋಯಬಾರದಂತ ಗಂಟು ಕಟ್ಟಿ. ಇದು ಕೆಡಕು ಮಾಡೂವರ ಕೆಲಸ ಅಲ್ಲ. ಯಾರನ್ನೋ ಒಂದು ಹೊತ್ತು ಕೂಡಿಸಿಕೋಬೇಕು ಅಂತ ಭಾಳ ದಿನದಿಂದ ಯೋಚನಿ ಮಾಡಿದವರದು. ಮುಂದಿಂದು ನಾ ಹೇಳ್ಲೋ, ನೀ ಹೇಳ್ತೀಯೋ ನಿಖತ?"

ನಿಖತ ಎದ್ದು ನಿಂತಳು. ತರಗತಿಯಲ್ಲಿ ನಿಲ್ಲುವಂತೆ ನೆಟ್ಟಗೆ.

"ನಾನ ಬಿಚ್ಚೇನ್ರಿ. ಇವ್ರಿಗೆ ವರ್ಷದಿಂದ ಕೆಮ್ಮು. ಇವ್ರ ಜೋಡಿ ಅದೇ ಶೆಡ್ಡಿನಾಗ ದುಡಿಯೋರು ಒಬ್ಬರು ಹೋದ ವರ್ಷ ಉಸುರು ಹತ್ತಿ ತೀರಿಕೊಂಡ್ರು. ಕಲ್ಲಿನ ಪುಡಿ ಎದಿಯಾಗ ಕೂತಿತ್ತು. ಎಕ್ಸರೇ ತಗಸೋಣು ಅಂದ್ರ ಬಜಾರಕ್ಕ ಹೋಗ್ತಾರ. ಮನಿಯಾಗ ಟೀವಿ ದೊಡ್ಡದು ಮಾಡ್ತಾರ. ದೋಣ್ಯಾಗ ಮಾತು ತಗದ್ರ ಎಂಜಿನ್ ಚಾಲೂ ಮಾಡ್ತಾರ. ಆ ಸದ್ದಿನಾಗ ನಾ ಒದರಿದ್ರೂ ಕೇಳಂಗಿಲ್ಲ. ಅದಕ್ಕ, ಹೋಗಾಕ ಎಲ್ಲೂ ಜಾಗ ಇರಬಾರದಂತ... ಗಡ್ಡಿಯ ಇನ್ನೊಂದು ಮಗ್ಗಲಿಗೆ ಹೋಗಿ ನಿಲ್ತದ, ಒಂದು ತಾಸಿನ್ಯಾಗ ನಡಕೊಂತ ಹೋಗಿ ತರಬಹುದು ಅಂದುಕೊಂಡಿದ್ದೆ. ಗಾಳಿ ಹಂಗ ಒಯ್ತದಂತ ನನಗ ಗೊತ್ತಿರಲಿಲ್ಲ."

"ಮಾತಾಡಿದನೇನು?" ಎಂದು ಸಿದ್ದಲಿಂಗವ್ವ ಕೇಳಿದಳು.

"ಆರು ತಾಸು ಮಾತಾಡಿದ್ರು." ನಿಖತಳ ಕಣ್ಣು ತುಂಬಿದವು. "ಹೆದರಿಕಿ ಆಗ್ತದ ಅಂದ್ರು. ಹದಿನಾಲ್ಕು ವರ್ಷದಾಗ ಆ ಮಾತು ಅವರ ಬಾಯಾಗ ನಾ ಕೇಳಿದ್ದಿಲ್ಲ. ಶುಕ್ರವಾರ ದವಾಖಾನಿಗೆ ಬರ್ತೇನಿ ಅಂತ ವಚನ ಕೊಟ್ರು. ಬಿಚ್ಚಿದ್ದು ನಾನಂತ ಗೊತ್ತಾದ್ರ, ಮೋಸ ಮಾಡಿದಿ ಅಂತ ಸಿಟ್ಟಿಲೆ ವಚನ ಮುರಿದುಬಿಟ್ರ ಹೆಂಗ? ಅದಕ್ಕ ಹೇಳಲಿಲ್ಲ. ಶುಕ್ರವಾರ ದಾಟಿದ ಮ್ಯಾಲ ಸಂಘಕ್ಕ ಬಂದು ಹೇಳೋಣು ಅಂತ ಇದ್ದೆ. ಆದ್ರ ನಾಗಲಿಂಗನ ಮಾರಿ ನೆನಪಾಗಿ ರಾತ್ರಿ ನಿದ್ದಿ ಹತ್ತಲಿಲ್ಲ, ಅದಕ್ಕ ನಿಮ್ಮ ಕಡೆ ಬಂದೆ."

ಆಕೆ ಗಂಡನ ಕಡೆ ನೋಡಲಿಲ್ಲ. ಅವನೇ ಆಕೆಯ ಕಡೆ ನೋಡುತ್ತಿದ್ದ.

"ದಿಬ್ಬದ ಮ್ಯಾಲ ಕೂತ್ರ ಹುಣಸಿ ಬುಡ ನೆಟ್ಟಗ ಕಾಣ್ತದ," ಎಂದಳು ಸಿದ್ದಲಿಂಗವ್ವ. "ಬೂಟಿನ ದಾರ ಸೈತ. ಹೌದಿಲ್ಲೋ ಮತೀನ?"

ಮತೀನ ತಲೆ ತಗ್ಗಿಸಿದ. "ಹೌದ್ರಿ. ಹಕ್ಕಿ ಎದ್ವಲ್ಲಾ ಅಂತ ನೋಡಿದೆ. ಇಕಿ ಹಗ್ಗ ಬಿಚ್ಚಿ, ದೋಣಿಗೆ ಒಂದು ನೂಕು ಕೊಟ್ಟಳು. ಓಡಿ ಹೋಗಿದ್ರ ಹಿಡೀತಿದ್ದೆ. ಮೊಣಕಾಲಮಟ ನೀರು ಅಷ್ಟ."

"ಮತ್ಯಾಕ ಹಿಡೀಲಿಲ್ಲ?" ನಿಖತಳ ದನಿ ಪಿಸುಮಾತಾಗಿತ್ತು.

"ನನಗೂ ಓಡಿ ಓಡಿ ಸಾಕಾಗಿತ್ತು," ಎಂದ ಮತೀನ. "ನೀ ಹೇಳ್ತೀ ಅಂತ ನಾ ದಾರಿ ಕಾಯ್ತಿದ್ದೆ. ನೀ ಹೇಳಲಿಲ್ಲ. ಹೇಳಿದ್ರ ಮಂದಿ ಮುಂದ ನಿನ್ನ ಹೆಸರು ಬರ್ತದಂತ ನಾನೂ ಸುಮ್ಮನಾದೆ."

ಆದರೆ ಸಿದ್ದಲಿಂಗವ್ವನ ಮುಖ ಇನ್ನೂ ಸಡಿಲಾಗಿರಲಿಲ್ಲ.

"ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುಚ್ಚಿಕೊಂಡ್ರಿ. ಛಲೋ ಆತು," ಎಂದಳು. "ಆದ್ರ ಹೊದ್ದುಕೊಂಡ ಚಾದರ ನಾಗಲಿಂಗಂದು. ಅಂವ ನಾಕು ದಿನ ಬಯಲಾಗ ಬಿದ್ದಾನ. ದುಡಿಯೋ ಕೈ ಕಟ್ಟಿ ಹಾಕೋದು ಸಣ್ಣ ಪಾಪ ಅಲ್ಲ. ಕಾಯಕ ಅಂದ್ರ ನಮಗೆಲ್ಲಾ ದೇವರ ಸಮ ಅಲ್ಲೇನು?"

ನಿಖತ ಬಾಗಿಲ ಬಳಿ ಹೋಗಿ ನಾಗಲಿಂಗನ ಎದುರು ನೆಲದ ಮೇಲೆ ಕೂತಳು. ಮತೀನ ಆಕೆಯ ಪಕ್ಕ ಕೂತ. ತಪ್ಪಾಯಿತು ಎಂದು ಇಬ್ಬರೂ ಒಟ್ಟಿಗೇ ಅಂದರು.

"ನನ್ನ ಮಗಳು ಸಾಲಿಗೆ ಹೋಗಲಿಲ್ರಿ ಎರಡು ದಿನ," ಎಂದ ನಾಗಲಿಂಗ. "ಹುಡುಗುರು ದೋಣಿಗಳ್ಳನ ಮಗಳು ಅಂದ್ರಂತ. ಅದನ್ನೊಂದು ಸರಿ ಮಾಡ್ರಿ. ಉಳಿದದ್ದು ಇರಲಿ."

"ನಾಳಿ ಮುಂಜಾನಿ ನಾನ ಆ ಸಾಲಿಗೆ ಹೋಗಿ, ಮಕ್ಕಳ ಮುಂದ ನಿಂತು ಹೇಳ್ತೇನಿ," ಎಂದಳು ನಿಖತ. "ದವಾಖಾನಿ ಆಮ್ಯಾಲ."

ಶಿವಪ್ರಕಾಶ ಕುರ್ಚಿಯಿಂದೆದ್ದು ದೂರಿನ ಕಾಗದ ಹರಿದ. ತೌಸಿಫ ಯಾರೂ ಹೇಳದೆಯೇ ಹೊರಗೆ ಹೋಗಿ ಹರಗೋಲನ್ನು ನೆರಳಿಗೆ ಎಳೆಯತೊಡಗಿದ, ಈ ಸಲ ಕಲ್ಲು ತಪ್ಪಿಸಿ.

*

ಶುಕ್ರವಾರ ಬಾಗಲಕೋಟೆಯ ದವಾಖಾನೆಗೆ ಆಫ್ರೀನ ಅವರ ಜೊತೆ ಹೋದಳು. ಎಷ್ಟು ದಿನದಿಂದ ಕೆಮ್ಮು ಎಂದು ಡಾಕ್ಟರು ಕೇಳಿದರು. ಮತೀನ ಹೆಂಡತಿಯ ಮುಖ ನೋಡಿ, "ಹತ್ತೊಂಬತ್ತು ತಿಂಗಳಾತ್ರಿ," ಎಂದ. ನಿಖತ ಒಂದು ವರ್ಷವೆಂದೇ ತಿಳಿದಿದ್ದಳು. ಅವನ ಬೂದು ಬಣ್ಣದ ಬೆರಳುಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಪುಡಿ ಎದೆಯಲ್ಲಿ ಕೂತದ್ದು ಖರೆಯೇ ಆಗಿತ್ತು. ಹೋದದ್ದು ಮರಳಿ ಬರುವುದಿಲ್ಲ, ಆದರೆ ಈಗಲೇ ಆ ಕೆಲಸ ಬಿಟ್ಟರೆ ಉಳಿದದ್ದು ಉಳಿಯುತ್ತದೆ, ಇನ್ನು ಎರಡು ವರ್ಷ ತಡವಾಗಿದ್ದರೆ ಈ ಮಾತನ್ನೂ ಹೇಳಲು ಆಗುತ್ತಿರಲಿಲ್ಲ ಎಂದರು ಡಾಕ್ಟರು. ಮತೀನ ಕಲ್ಲಿನ ಶೆಡ್ಡಿಗೆ ಮತ್ತೆ ಹೋಗಲಿಲ್ಲ. ಫೈಬರು ಕೂಡಿಸುವ ಕೆಲಸ ಅವನ ಕೈಗೆ ಹತ್ತಿತ್ತು. ಆದರೆ ಅದರಲ್ಲೂ ಉಜ್ಜುವುದು ಬಂತೆಂದರೆ ಪುಡಿ. ಅದನ್ನು ತೌಸಿಫ ಮೂಗು ಬಾಯಿ ಕಟ್ಟಿಕೊಂಡು, ನೀರು ಹಾಕಿ ಹಾಕಿ ಮಾಡಿಕೊಟ್ಟ. ಅಣ್ಣ ತಮ್ಮ ಕೂಡಿ ಮೊದಲು ಸರಿ ಮಾಡಿದ್ದು ನಾಗಲಿಂಗನ ಹರಗೋಲನ್ನು. ಆಮೇಲೆ ಸಂಘದವರೇ ಒಬ್ಬೊಬ್ಬರಾಗಿ ತಮ್ಮ ಒಡಕು ದೋಣಿಗಳನ್ನು ತಂದಿಟ್ಟರು.

ಮೇ ತಿಂಗಳ ಒಂದು ರವಿವಾರ, ಹರಗೋಲು ಮತ್ತೆ ನೀರಿಗಿಳಿದು ವಾರವಾಗಿತ್ತು. ನಾಗಲಿಂಗ ತಾನಾಗಿಯೇ ಹೇಳಿ ಕಳಿಸಿದ್ದ, ಬರ್ರಿ, ಗಡ್ಡಿಗೆ ನಾ ಮುಟ್ಟಿಸ್ತೇನಿ ಎಂದು. ಸಿದ್ದಲಿಂಗವ್ವನೂ ಆಫ್ರೀನಳೂ ದಂಡೆಯ ಮೇಲೆ ನಿಂತಿದ್ದರು. ಮರಿಗಳಿಗೆ ತೊಂದರೆಯಾಗದ ಹಾಗೆ ಅವನು ಗಂಡ ಹೆಂಡಿರನ್ನು ಗಡ್ಡೆಯ ಬೆನ್ನಿನ ಕಡೆ ಇಳಿಸಿ ಬಂದ. ಹುಟ್ಟನ್ನು ಒಳಗೆಳೆದುಕೊಂಡು, ಮೊಟ್ಟಮೊದಲ ಸಲ ನಕ್ಕ.

"ಕರಕೊಂಡು ಬರಾಕ ಎಷ್ಟೊತ್ತಿಗೆ ಬರ್ಲಿ ಅಂತ ಕೇಳಿದ್ನಿರಿ ಯವ್ವಾ," ಎಂದ. "ಮಾತು ಮುಗಿದ ಮ್ಯಾಲ ಬಾ ಅಂದ್ರು."

"ನೀ ಏನಂದಿ?"

"ಹಂಗಾದ್ರ ನಾಳೆ ಬರ್ತೇನಿ ಅಂದೆ."